ನಾನೇ ಕೊಟ್ಟುಕೊಂಡ ಬ್ಯಾಕಿಂಗ್

ಕಳೆದ ತಿಂಗಳು ಗೋಣಿಬೀಡಿನ ಬಸ್ ಸ್ಟಾಪಿನ ಹತ್ತಿರ ನನ್ನದೇ ವಯಸ್ಸಿನ ಒಬ್ಬರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. ಮುಖ ಪರಿಚಯ ಅಷ್ಟೇ, ಹೆಸರು ಗೊತ್ತಿಲ್ಲ. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಚಂದ್ರಣ್ಣ, ನೀವು ಯಾವ್ದೋ ಇಂಜೆಕ್ಷನ್ ತಗೊಳ್ತಿದ್ರಂತಲ್ಲ, ಗಂಡಸ್ರಿಗೆ ಕೊಡೋದು... ಅದು ಒಳ್ಳೇದಾ ಮಾರಾಯ್ರೇ?" ಎಂದರು. ನನಗೆ ಮೊದಲು ಸಿಟ್ಟು ಬಂತು. ಸುದ್ದಿ ಇವರ ಕಿವಿಗೂ ಬಿತ್ತಲ್ಲ ಎಂದು. ಆಮೇಲೆ ನೋಡಿದರೆ ಅವರ ಶರ್ಟಿನ ಜೇಬಿನಿಂದ ಮಡಚಿದ ಡಾಕ್ಟರ ಚೀಟಿಯೊಂದು ಇಣುಕುತ್ತಿತ್ತು, ಅದು ಕಾಣದ ಹಾಗೆ ಕೈ ಅಡ್ಡ ಹಿಡಿದಿದ್ದರು. ಅಷ್ಟರಲ್ಲಿ ಮೂಡಿಗೆರೆ ಬಸ್ ಬಂತು, ಅವರು ಹತ್ತಿ ಹೋದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರ ಕೈಗೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ಅರವತ್ತನಾಲ್ಕು. ಗೋಣಿಬೀಡಿನಿಂದ ಮೂರು ಕಿಲೋಮೀಟರ್ ಒಳಗೆ ಹದಿನಾಲ್ಕು ಎಕರೆ ಕಾಫಿ ತೋಟ, ಹೆಚ್ಚಿನದು ರೋಬಸ್ಟಾ. ಲೆಕ್ಕ ಬರೆಯುವ ರೈಟರ್ ಇಲ್ಲ, ಆಳು ನೋಡುವ ಮೇಸ್ತ್ರಿ ಇಲ್ಲ, ಎರಡೂ ನಾನೇ. ಮೇಲಿನ ಬ್ಲಾಕಿಗೆ ಹೋಗಲು ಒಂದು ಕಡಿದಾದ ಏರು ಇದೆ. ಮೂವತ್ತು ವರ್ಷ ಎಲೆಅಡಿಕೆ ಅಗಿಯುತ್ತ, ಆಳುಗಳಿಗೆ ಬೈಯುತ್ತ ಅದನ್ನು ಹತ್ತಿದವನು ನಾನು. ಎರಡು ವರ್ಷದ ಹಿಂದೆ ಒಂದು ದಿನ ಅರ್ಧದಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಮರಕ್ಕೆ ಒರಗಿ ಕೂತುಬಿಟ್ಟೆ. ಉಸಿರು ಕಟ್ಟಿರಲಿಲ್ಲ, ನೋವೂ ಇರಲಿಲ್ಲ. ಹತ್ತುವ ಮನಸ್ಸೇ ಇರಲಿಲ್ಲ. ಹಾಗೇ ಶುರುವಾಯಿತು. ಊಟ ಆದ ಕೂಡಲೇ ತೂಕಡಿಕೆ, ಯಾರಾದರೂ ಮಾತಾಡಿಸಿದರೆ ಕಿರಿಕಿರಿ. ಹೆಂಡತಿ ಶಾರದಳ ಪಕ್ಕ ಮಲಗಿದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಇದನ್ನೂ ಬರೆಯಲೇಬೇಕು, ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಮುಚ್ಚಿಡುವ ತಪ್ಪನ್ನೇ ಮತ್ತೆ ಮಾಡಿದ ಹಾಗಾಗುತ್ತದೆ.

ಚಿಕ್ಕಮಗಳೂರಿನ ಒಬ್ಬ ಡಾಕ್ಟರು ಎರಡು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸಿ ನೋಡಿ, ಗಂಡಸರ ಹಾರ್ಮೋನು ಟೆಸ್ಟೋಸ್ಟಿರಾನ್ ತುಂಬಾ ಕಡಿಮೆ ಇದೆ ಎಂದರು. ಒಳ್ಳೆಯ ಮನುಷ್ಯ, ಅರ್ಧ ಗಂಟೆ ಕೂರಿಸಿಕೊಂಡು ಹೇಳಿದರು. ಮೂರು ವಾರಕ್ಕೊಂದು ಇಂಜೆಕ್ಷನ್. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. "ನಿಮಗೆ ಬಿಪಿ ಇದೆ, ವಯಸ್ಸೂ ಆಗಿದೆ. ಇದ್ರಲ್ಲಿ ಕೆಲವ್ರಿಗೆ ರಕ್ತ ದಪ್ಪ ಆಗುತ್ತೆ, ಹೃದಯಕ್ಕೆ ಭಾರ. ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ" ಎಂದು ಚೀಟಿಯಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು. ನಾನು ತಲೆಯಾಡಿಸಿದೆ. ಕೊಯ್ಲು ಶುರುವಾದರೆ ಪೇಟೆಗೆ ಬರಲು ಆಗುವುದಿಲ್ಲ ಎಂದು ಆರು ತಿಂಗಳ ಔಷಧಿಯನ್ನು ಒಟ್ಟಿಗೇ ತಂದೆ.

ಮನೆಯಲ್ಲಿ ಏನು ಹೇಳುವುದು? ನಮ್ಮ ಕಡೆ ಈ ಔಷಧಿಯ ಹೆಸರೆತ್ತಿದರೆ ಸಾಕು, ಜನರ ತಲೆ ಒಂದೇ ಕಡೆ ಓಡುತ್ತದೆ. ಅರವತ್ತು ದಾಟಿದ ಮೇಲೆ ಇವನಿಗೆ ಇದೊಂದು ಬೇಕಿತ್ತು ಎಂದು ನಗುತ್ತಾರೆ. ಹೆಂಡತಿಯೇ ನಕ್ಕರೆ? ವಿಟಮಿನ್ ಇಂಜೆಕ್ಷನ್ ಎಂದುಬಿಟ್ಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ರಿಟೈರ್ ಆದ ಲೋಕಪ್ಪ ನಮ್ಮೂರಿನಲ್ಲೇ ಇದ್ದಾನೆ. ಡಾಕ್ಟರ ಚೀಟಿ ತೋರಿಸಿ, ಮದ್ದಿದ್ದ ಗಾಜಿನ ಆಂಪೂಲುಗಳನ್ನು ಅವನ ಮನೆಯಲ್ಲೇ ಇಟ್ಟೆ. ಅವನ ಜಗಲಿಗೆ ಹೋಗಿ, ಎಣ್ಣೆಯಂಥ ಆ ಮದ್ದನ್ನು ಚುಚ್ಚಿಸಿಕೊಂಡು, ಸೊಂಟ ಉಜ್ಜಿಕೊಳ್ಳುತ್ತ ಬರುತ್ತಿದ್ದೆ.

ಸುಳ್ಳು ಹೇಳುವುದಿಲ್ಲ, ಎರಡೇ ತಿಂಗಳಲ್ಲಿ ಮೈ ಬದಲಾಯಿತು. ಏರು ಹತ್ತಿದೆ. ಆಳುಗಳ ಮೇಲೆ ದನಿ ಏರಿತು. ಗೋಡೆಯ ಕಡೆ ತಿರುಗುವುದು ನಿಂತಿತು. "ಏನ್ರೀ, ವಿಟಮಿನ್ನಿಗೆ ಇಷ್ಟು ಶಕ್ತಿಯಾ? ನಂಗೂ ಒಂದು ಹಾಕ್ಸಿ" ಎಂದು ಶಾರದ ಕಿಚಾಯಿಸುತ್ತಿದ್ದಳು. ಅವಳ ಮುಖದಲ್ಲೂ ಖುಷಿ ಕಂಡಿತ್ತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ತೊಂದರೆ ಇದ್ದದ್ದು ಮೂರನೇ ವಾರದಲ್ಲಿ. ಇಂಜೆಕ್ಷನ್ ಹಾಕಿಸಿಕೊಂಡ ಎರಡು ವಾರ ಹುಲಿ, ಮೂರನೇ ವಾರ ಮತ್ತೆ ಸಿಲ್ವರ್ ಮರದ ಬುಡ. ಕಾಫಿ ಬೆಳೆಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಫೆಬ್ರವರಿ ಕೊನೆಯಲ್ಲಿ ಮಳೆ ಬಾರದಿದ್ದರೆ ನಾವು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಿ ಗಿಡಕ್ಕೆ ಹೂ ಬಿಡಿಸುತ್ತೇವೆ. ಹೂ ಬಿಟ್ಟರೆ ಆಗಲಿಲ್ಲ. ಮೂರು ವಾರದೊಳಗೆ ಇನ್ನೊಂದು ನೀರು ಕೊಡಬೇಕು, ಇಲ್ಲದಿದ್ದರೆ ಕಟ್ಟಿದ ಪುಟ್ಟ ಕಾಯಿ ಅಲ್ಲೇ ಒಣಗಿ ಉದುರುತ್ತದೆ. ಆ ಎರಡನೇ ನೀರಿಗೆ ಬ್ಯಾಕಿಂಗ್ ಎನ್ನುತ್ತೇವೆ. ಬ್ಯಾಕಿಂಗ್ ತಪ್ಪಿಸಿದ ಪ್ಲಾಂಟರನ್ನು ನಾವು ಮನುಷ್ಯನೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಮೂವತ್ತು ವರ್ಷ ಗಿಡಕ್ಕೆ ಕೊಟ್ಟ ಬುದ್ಧಿಯನ್ನು ನಾನು ನನ್ನ ಮೈಗೂ ಕೊಟ್ಟೆ.

"ಲೋಕಪ್ಪ, ನಡುವೆ ಒಂದು ಹಾಕ್ಬಿಡು ಮಾರಾಯ. ಬ್ಯಾಕಿಂಗ್" ಎಂದೆ. ಅದು ಜನವರಿ, ರೋಬಸ್ಟಾ ಕೊಯ್ಲು ಜೋರಾಗಿತ್ತು.

"ಡಾಕ್ಟ್ರು ಹೇಳಿದ್ರಾ ಗೌಡ್ರೇ?"

"ಹೇಳ್ದೆ ಮತ್ತೆ? ನಾನೇನು ಸ್ವಂತ ಬುದ್ಧಿಲಿ ಚುಚ್ಚಿಸ್ಕೊಳ್ತೀನಾ?"

ಅವನು ನಕ್ಕು ಹಾಕಿದ. ಅಲ್ಲಿಂದ ಹತ್ತು ದಿನಕ್ಕೊಂದು. ಜನವರಿಯಲ್ಲಿ ಮಾಡಿಸಬೇಕಿದ್ದ ರಕ್ತ ಪರೀಕ್ಷೆ ಕೊಯ್ಲು ಮುಗಿಯಲಿ ಎಂದು ಮುಂದೆ ಹೋಯಿತು, ಕೊಯ್ಲು ಮುಗಿದ ಮೇಲೆ ಹೂವಾಗಲಿ ಎಂದು ಮುಂದೆ ಹೋಯಿತು, ಹೂವಾದ ಮೇಲೆ ಬ್ಯಾಕಿಂಗ್ ಮುಗಿಯಲಿ ಎಂದಾಯಿತು. ನನ್ನ ಮುಖ ಕೆಂಪಗಾಗಿತ್ತು. ಬೆರಳಿನ ಉಂಗುರ ಬಿಗಿಯಾಗಿತ್ತು. ಸ್ನಾನ ಮಾಡಿದರೆ ಮೈಯೆಲ್ಲ ತುರಿಕೆ, ಬೆಳಿಗ್ಗೆ ಎದ್ದರೆ ತಲೆ ಭಾರ. ಕೊಟ್ಟಿಗೆಹಾರದಲ್ಲಿ ಸಿಕ್ಕಿದವರು "ಏನ್ ಗೌಡ್ರೇ, ಮುಖದಲ್ಲಿ ಒಳ್ಳೆ ಕಳೆ ಬಂದಿದೆ" ಎಂದರೆ ನಾನು ಮೀಸೆ ತಿರುವಿದೆ.

ಮಾರ್ಚ್ ನಡುವಿನ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ತೋಟಕ್ಕೆ ಬ್ಯಾಕಿಂಗ್ ಕೊಡುತ್ತಿದ್ದೆವು. ಕೆರೆಯ ಹತ್ತಿರ ಇಂಜಿನ್ ಓಡುತ್ತಿತ್ತು, ನಾಲ್ಕು ಆಳುಗಳು ಪೈಪು ಬದಲಾಯಿಸುತ್ತಿದ್ದರು. ನಿಧಾನ ಮಾಡುತ್ತಾರೆ ಎಂದು ಸಿಡುಕಿ, ನಾನೇ ಒಂದು ಪೈಪಿನ ತುದಿ ಎತ್ತಿ ಹೆಗಲಿಗಿಟ್ಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು. ಎದೆಯೊಳಗೆ, ಬುಟ್ಟಿಯಡಿ ಕವುಚಿದ ಕೋಳಿ ರೆಕ್ಕೆ ಬಡಿದ ಹಾಗೆ ಏನೋ ಬಡಿದುಕೊಳ್ಳತೊಡಗಿತು. ಪೈಪು ಬಿಟ್ಟೆ. ಕೂತೆ. ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಎರಡು ಬಡಿತ ಒಟ್ಟಿಗೆ, ಆಮೇಲೆ ಏನೂ ಇಲ್ಲ, ಆಮೇಲೆ ಐದಾರು ಓಡೋಡಿ ಬಂದವು. ನಾನು ಸಾಯುತ್ತಿದ್ದೇನೆ ಎಂದುಕೊಂಡೆ. ಇದನ್ನು ಮಾತಿಗೆ ಬರೆಯುತ್ತಿಲ್ಲ. ಅಷ್ಟು ಸ್ಪಷ್ಟವಾಗಿ, ಇಂಜಿನ್ನಿನ ಸದ್ದಿನ ನಡುವೆ, ಆ ಮಾತು ನನ್ನ ತಲೆಯಲ್ಲಿ ಬಂತು. ಆಳುಗಳು ಎರಡೂ ಕಡೆ ಹಿಡಿದು ಮನೆಗೆ ಕರೆತಂದರು.

ಶಾರದ ನನ್ನ ಮುಖ ನೋಡಿದವಳೇ ತನ್ನ ತಮ್ಮ ಉಮೇಶನಿಗೆ ಫೋನ್ ಮಾಡಿದಳು. ಅವನ ಮನೆ ಪಕ್ಕದ ತೋಟದಲ್ಲೇ. ಹತ್ತು ನಿಮಿಷದಲ್ಲಿ ಜೀಪು ತಂದ. ಮೂಡಿಗೆರೆಯ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದು, ಕಾಗದ ನೋಡಿ, "ಇಲ್ಲಿ ಇಟ್ಕೊಳ್ಳೋದು ಬೇಡ, ಚಿಕ್ಕಮಗಳೂರಿಗೆ ಹೋಗಿ" ಎಂದರು. ದಾರಿಯ ಒಂದೊಂದು ತಿರುವಿನಲ್ಲೂ ಉಮೇಶ ಹಾರ್ನ್ ಹಾಕುತ್ತ, "ಭಾವ, ಮಾತಾಡ್ತಿರಿ, ಸುಮ್ನಾಗ್ಬೇಡಿ" ಎನ್ನುತ್ತಿದ್ದ. ಏನು ಮಾತಾಡಲಿ? "ಇಂಜಿನ್ ಆಫ್ ಮಾಡಿದ್ರಾ ನೋಡು" ಎಂದೆ. "ನಿಮ್ಮ ಇಂಜಿನ್ ನೋಡ್ಕೊಳ್ಳಿ ಮೊದ್ಲು" ಎಂದು ಬೈದ. ಹಿಂದಿನ ಸೀಟಿನಲ್ಲಿ ಶಾರದ ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಎದೆಗೆ ತಂತಿ ಅಂಟಿಸಿ, ಪರದೆ ನೋಡುತ್ತ ಕೇಳತೊಡಗಿದರು. ಬೀಡಿ ಸಿಗರೇಟು? ಇಲ್ಲ. ಗೊರಕೆ? ಸ್ವಲ್ಪ. ಕುಡಿತ? ಮದುವೆ ಮುಂಜಿಗೆ. "ಏನೇನು ಔಷಧಿ ತಗೋತೀರಿ? ಶಕ್ತಿಗೆ ಅಂತ, ಹಾರ್ಮೋನ್ ಅಂತ ಏನಾದ್ರೂ ಇಂಜೆಕ್ಷನ್?"

ನಾನು ಬಾಯಿ ತೆರೆಯುವುದರೊಳಗೆ ಶಾರದ ಹೇಳಿದಳು. "ಇಲ್ಲ ಡಾಕ್ಟ್ರೇ, ಬಿಪಿ ಮಾತ್ರೆ, ಒಂದು ವಿಟಮಿನ್ ಇಂಜೆಕ್ಷನ್ ಬಿಟ್ರೆ ಇವ್ರು ಏನೂ ತಗೊಳಲ್ಲ."

"ಯಾವ ವಿಟಮಿನ್?" ಡಾಕ್ಟರು ನನ್ನನ್ನೇ ನೋಡಿದರು.

ಹೆಂಡತಿ ಒಂದು ಕಡೆ, ಭಾವಮೈದುನ ಒಂದು ಕಡೆ, ನಡುವೆ ನಾನು ಶರ್ಟಿಲ್ಲದೆ ಮಲಗಿದ್ದೆ. "ಬಿ ಟ್ವೆಲ್ವ್" ಎಂದೆ. ಸಾಯುವ ಭಯಕ್ಕಿಂತ ನಾಚಿಕೆ ದೊಡ್ಡದಾಗಿ ಕಂಡ ಕ್ಷಣ ಅದು. ಈಗಲೂ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯ.

ರಕ್ತ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಲ್ಯಾಬಿನವನು ಮತ್ತೆ ಬಂದ. ಮೆಷಿನ್ನಿನಲ್ಲಿ ಏನೋ ತಪ್ಪು ತೋರಿಸುತ್ತಿದೆ, ಇನ್ನೊಂದು ಸ್ಯಾಂಪಲ್ ಬೇಕು ಎಂದ. ಎರಡನೆಯದರಲ್ಲೂ ಅದೇ ಬಂತು. ಹಿಮೋಗ್ಲೋಬಿನ್ ಹತ್ತೊಂಬತ್ತೂವರೆ, ಗಂಡಸರಿಗೆ ಹದಿನೇಳು ದಾಟಬಾರದಂತೆ. ಡಾಕ್ಟರು ಶಾರದಳನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಹೃದಯ ಬಡಿಯುವ ಲಯ ತಪ್ಪಿದೆ. ರಕ್ತ ಬಹಳ ದಪ್ಪವಾಗಿದೆ. ಎರಡೂ ಸೇರಿದರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋಗಬಹುದು. ಈಗಲೇ ಔಷಧಿ ಶುರು ಮಾಡುತ್ತೇವೆ. ರಕ್ತ ಯಾಕೆ ಹೀಗಾಯಿತೋ ಗೊತ್ತಾಗುತ್ತಿಲ್ಲ, ರಕ್ತ ಹುಟ್ಟುವ ಮೂಳೆ ಮಜ್ಜೆಯದೇ ಕಾಯಿಲೆ ಇರಬಹುದು, ಮಂಗಳೂರಿಗೆ ಕಳಿಸಿ ಮಜ್ಜೆ ತೆಗೆಸಿ ನೋಡಬೇಕಾಗುತ್ತದೆ.

"ಅಂದ್ರೆ ಕ್ಯಾನ್ಸರಾ?" ಶಾರದ ಕೇಳಿದಳು.

"ಈಗ್ಲೇ ಏನೂ ಹೇಳಕ್ಕಾಗಲ್ಲಮ್ಮ" ಎಂದರು ಡಾಕ್ಟರು.

ನನಗೆ ಮೊದಲ ಡಾಕ್ಟರು ಚೀಟಿಯಲ್ಲಿ ಎಳೆದ ಆ ಎರಡು ಗೆರೆ ನೆನಪಾಯಿತು. ರಕ್ತ ದಪ್ಪ ಆಗುತ್ತೆ, ಪರೀಕ್ಷೆ ತಪ್ಪಿಸ್ಬೇಡಿ. ಅದೇ ಇದು ಎಂದು ಒಂದು ಮನಸ್ಸು ಹೇಳಿತು. ಅಲ್ಲದಿದ್ದರೆ, ನಿಜವಾಗಿ ಕ್ಯಾನ್ಸರೇ ಆಗಿದ್ದರೆ ಎಂದು ಇನ್ನೊಂದು ಮನಸ್ಸು. ಎರಡಕ್ಕೂ ನಾನು ಬಾಯಿ ಬಿಡಲಿಲ್ಲ. ಇಂಜೆಕ್ಷನ್ ಗುಟ್ಟಾಗಿ ನಿಲ್ಲಿಸಿಬಿಟ್ಟರೆ ರಕ್ತ ತಾನಾಗಿ ತಿಳಿಯಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಐಸಿಯುನಲ್ಲಿ ಮಲಗಿ ಯೋಚನೆ ಮಾಡಿದೆ. ಹೆದರಿದ ಮನುಷ್ಯನ ತಲೆ ಎಷ್ಟು ಕೆಟ್ಟದಾಗಿ ಕೆಲಸ ಮಾಡುತ್ತದೆ ನೋಡಿ.

ಮರುದಿನ ಬೆಳಿಗ್ಗೆ ಎಕೋ ಎನ್ನುವ ಹೃದಯದ ಸ್ಕ್ಯಾನ್ ಮಾಡಿಸಲು ಗಾಲಿಕುರ್ಚಿಯಲ್ಲಿ ಕೂರಿಸಿ ಕಾರಿಡಾರಿನಲ್ಲಿ ಬಿಟ್ಟರು. ಎರಡು ಗಂಟೆ ಕಾಯಬೇಕಾಯಿತು. ಎದೆಯೊಳಗಿನ ಕೋಳಿ ಇನ್ನೂ ಸುಮ್ಮನಾಗಿರಲಿಲ್ಲ. ಒಂದೊಂದು ಸಲ ಅದು ನಿಂತಾಗಲೂ, ಮತ್ತೆ ಶುರುವಾಗುತ್ತದೋ ಇಲ್ಲವೋ ಎಂದು ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಳಸದ ಕಡೆಯ ಒಬ್ಬರು ಕೂತಿದ್ದರು, ಅವರ ಹೆಂಡತಿಗೆ ಸ್ಟೆಂಟ್ ಹಾಕಿದ್ದರಂತೆ. ನನ್ನ ಕೈ ಕುರ್ಚಿಯ ಹಿಡಿಯನ್ನು ಬಿಗಿಹಿಡಿದದ್ದು ನೋಡಿ, "ಹೆದ್ರಿಕೆ ಆಗ್ತಿದ್ಯಾ?" ಎಂದರು. ಹೌದು ಎಂದೆ. ನನ್ನ ಆಯಸ್ಸಿನಲ್ಲಿ ಗಂಡಸೊಬ್ಬರ ಎದುರು ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು. "ಎದುರು ಗೋಡೆಯ ಟೈಲ್ಸ್ ಎಣಿಸಿ. ನಾನು ನಾಕ್ ದಿನದಿಂದ ಎಣಿಸ್ತಿದ್ದೀನಿ. ದಿನಾ ಬೇರೆ ಬೇರೆ ಲೆಕ್ಕ ಬರುತ್ತೆ, ಬಿಡಿ" ಎಂದರು. ಇಬ್ಬರೂ ಎಣಿಸುತ್ತ ಕೂತೆವು. ನನಗೆ ನೂರ ಹನ್ನೆರಡು, ಅವರಿಗೆ ನೂರ ಎಂಟು. ಅವರ ಹೆಸರು ಕೇಳುವುದನ್ನು ಮರೆತೆ, ಅವರ ಉಪಕಾರ ಮರೆತಿಲ್ಲ.

ಹನ್ನೊಂದು ಗಂಟೆಗೆ ಡಾಕ್ಟರು ರೌಂಡ್ಸಿಗೆ ಬಂದರು. ಹೃದಯದ ಮಾಂಸಕ್ಕೆ ದೊಡ್ಡ ಪೆಟ್ಟು ಬಿದ್ದಿಲ್ಲ, ರಕ್ತನಾಳದ ವಿಷಯ ಆಮೇಲೆ ನೋಡೋಣ, ಮೊದಲು ಮಂಗಳೂರಿಗೆ ಬರೆದುಕೊಡುತ್ತೇನೆ ಎಂದರು. ಶಾರದ ಮಂಚದ ಪಕ್ಕ ನಿಂತಿದ್ದಳು. ಕಣ್ಣು ಊದಿತ್ತು. ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, "ಡಾಕ್ಟ್ರೇ, ಒಂದ್ ಕೇಳ್ಲಾ?" ಎಂದಳು.

"ಕೇಳಿಯಮ್ಮ."

"ಹೋದ್ ವರ್ಷ ಇವ್ರು ತುಂಬಾ ಸೊರಗಿದ್ರು. ಅದಕ್ಕೇ ನಾನು ವಾರಕ್ಕೆ ಎರಡು ಸಲ ಕಾಲು ಸೂಪು, ಲಿವರ್ರು ಮಾಡಿ ಹಾಕ್ತಿದ್ದೆ. ಬೇಡ ಅಂದ್ರೂ ಬಿಡದೆ ಬಡಿಸ್ತಿದ್ದೆ. ಅದ್ರಿಂದ ಇವ್ರ ರಕ್ತ ದಪ್ಪ ಆಯ್ತಾ?"

"ಇಲ್ಲಮ್ಮ, ಊಟದಿಂದ ಹೀಗಾಗಲ್ಲ."

"ಸಮಾಧಾನಕ್ಕೆ ಹೇಳ್ಬೇಡಿ ಡಾಕ್ಟ್ರೇ. ನಾನೇ ಅಲ್ವಾ ಮಾಡಿದ್ದು?"

ಮೂವತ್ತೆಂಟು ವರ್ಷ ನನಗೆ ಅನ್ನ ಹಾಕಿದ ಕೈಯನ್ನು ಅವಳು ತಪ್ಪು ಮಾಡಿದವಳ ಹಾಗೆ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ನನಗೆ ಇನ್ನು ಮಲಗಿರಲು ಆಗಲಿಲ್ಲ, ತಂತಿಗಳ ಸಮೇತ ಎದ್ದು ಕೂತೆ.

"ಅವಳ ಸೂಪಲ್ಲ. ನಾನು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೋತಿದ್ದೆ. ವಿಟಮಿನ್ ಅಲ್ಲ ಅದು" ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಎಷ್ಟು, ಎಂದಿನಿಂದ, ಕೊನೆಯದು ಯಾವಾಗ ಎಂದು ಒಂದೊಂದಾಗಿ ಕೇಳಿದರು. ಸಿಟ್ಟು ಮಾಡಲಿಲ್ಲ. "ನಿನ್ನೆ ಇದನ್ನೇ ಕೇಳಿದ್ದೆ ನಿಮ್ಮನ್ನ" ಎಂದಷ್ಟೇ ಹೇಳಿದರು. ಮೂರು ವಾರದ್ದನ್ನು ಹತ್ತು ದಿನಕ್ಕೆ ಯಾರು ಬದಲಾಯಿಸಿದರು ಎಂದಾಗ, ನಾನೇ, ಬ್ಯಾಕಿಂಗ್ ಕೊಟ್ಟೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

"ಬ್ಯಾಕಿಂಗ್ ಅಂದ್ರೆ?"

ಉತ್ತರ ಕೊಟ್ಟವಳು ಶಾರದ. ನನ್ನ ಕಡೆ ನೋಡದೆ, ಒಣ ದನಿಯಲ್ಲಿ ಹೇಳಿದಳು. "ಕಾಫಿಗೆ ಹೂವಾಗ್ಲಿ ಅಂತ ಒಂದು ನೀರು ಕೊಡ್ತೀವಿ. ಇಪ್ಪತ್ತು ದಿನ ಬಿಟ್ಟು ಕಾಯಿ ನಿಲ್ಲಕ್ಕೆ ಇನ್ನೊಂದು. ಇವ್ರು ತಮಗೇ ಕೊಟ್ಕೊಂಡಿದ್ದಾರೆ." ಹೇಳಿ ಮುಗಿಸಿ, ಕುರ್ಚಿಯ ಮೇಲಿದ್ದ ಬ್ಯಾಗು ತೆಗೆದುಕೊಂಡು ಹೊರಗೆ ಹೋದಳು.

ಮಂಗಳೂರಿನ ಮಜ್ಜೆ ಪರೀಕ್ಷೆಯನ್ನು ಡಾಕ್ಟರು ತಡೆಹಿಡಿದರು. ಇಂಜೆಕ್ಷನ್ನೇ ಕಾರಣ ಇರಬಹುದು, ಆದರೂ ಖಾತ್ರಿಗೆ ಒಂದು ರಕ್ತ ಪರೀಕ್ಷೆ ಹೊರಗೆ ಕಳಿಸುತ್ತೇನೆ, ಹತ್ತು ದಿನ ಬೇಕು ಎಂದರು. ಆಮೇಲೆ ನರ್ಸ್ ಬಂದು ನನ್ನ ತೋಳಿಗೆ ದಪ್ಪ ಸೂಜಿ ಚುಚ್ಚಿ, ಕೆಳಗಿಟ್ಟ ಚೀಲಕ್ಕೆ ರಕ್ತ ಇಳಿಸಿದರು. ರಕ್ತ ಕೊಡುವವರಿಂದ ತೆಗೆಯುವ ಹಾಗೆಯೇ, ಆದರೆ ಇದು ಯಾರಿಗೂ ಕೊಡಲು ಅಲ್ಲ, ಚೆಲ್ಲಲು. ಬಗ್ಗಿ ನೋಡಿದೆ. ಕಪ್ಪಗಿತ್ತು, ನಿಧಾನವಾಗಿ ಇಳಿಯುತ್ತಿತ್ತು. ಇದು ನನ್ನ ಮೆದುಳಿನಲ್ಲೂ ಹೀಗೇ ಹರಿಯುತ್ತಿದೆ ಎಂದು ನೆನೆದು ಬೆವರಿಬಿಟ್ಟೆ. ಲಕ್ವ ಹೊಡೆದು ಬಾಯಿ ಸೊಟ್ಟಗಾಗಿದೆಯೇ ಎಂದು ನೋಡಲು ನಾಲಿಗೆ ಹೊರಗೆ ಹಾಕಿದೆ, ಬಲಗೈ ಎತ್ತಿದೆ, ಎಡಗೈ ಎತ್ತಲು ಹೋದೆ. "ಕೈ ಆಡಿಸ್ಬೇಡಿ ಅಜ್ಜ" ಎಂದರು ನರ್ಸ್.

ಶಾರದ ಬರುವಾಗ ಊಟದ ಹೊತ್ತು. ಗಂಜಿ ತಂದಿದ್ದಳು. ಚಮಚ ನನ್ನ ಕೈಗೇ ಕೊಟ್ಟು ದೂರ ಕೂತಳು. ನಾನು ಅರ್ಧ ಕುಡಿದ ಮೇಲೆ ಕೇಳಿದಳು.

"ನನ್ನ ಹತ್ರ ಹೇಳಿದ್ರೆ ನಾನೇನು ನಗ್ತಿದ್ನಾ?"

ನಗುತ್ತಾಳೆ ಎಂದೇ ಮುಚ್ಚಿಟ್ಟಿದ್ದೆ. ಚಮಚ ಲೋಟದಲ್ಲಿಟ್ಟೆ.

"ಕ್ಯಾನ್ಸರ್ ಅಂದಾಗ್ಲೂ ಸುಮ್ನಿದ್ರಲ್ಲ. ಇಡೀ ರಾತ್ರಿ ನಾನು ಎಷ್ಟ್ ಸೂಪು ಕೊಟ್ಟಿದ್ದೆ ಅಂತ ಎಣಿಸ್ತಿದ್ದೆ."

"ತಪ್ಪಾಯ್ತು ಶಾರದ" ಎಂದೆ. ಅವಳು ಲೋಟ ತೊಳೆಯಲು ಎದ್ದು ಹೋದಳು.

ಮೂರನೇ ದಿನ ಬೆಳಿಗ್ಗೆ ಎದೆಯೊಳಗಿನ ಗಲಾಟೆ ನಿಂತಿತು. ಪರದೆಯ ಮೇಲಿನ ಗೆರೆ ಒಂದೇ ಅಂತರದಲ್ಲಿ ಏಳತೊಡಗಿತು. ನರ್ಸ್ ಬಂದು "ಲಯಕ್ಕೆ ಬಂತು" ಎಂದರೂ ನಂಬಲಾಗದೆ ಮಧ್ಯಾಹ್ನದವರೆಗೆ ಆ ಗೆರೆಯನ್ನೇ ನೋಡುತ್ತಿದ್ದೆ. ಐದನೇ ದಿನ ಮನೆಗೆ ಬಂದೆವು.

ಮನೆಗೆ ಬಂದರೆ ಹೆದರಿಕೆ ಆಸ್ಪತ್ರೆಯಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಅದು ಜೀಪಿನಲ್ಲಿ ನಮ್ಮ ಜೊತೆಗೇ ಬಂತು. ಅಲ್ಲಿ ಪರದೆ ಇತ್ತು, ಗಂಟೆ ಒತ್ತಿದರೆ ನರ್ಸ್ ಬರುತ್ತಿದ್ದರು. ಇಲ್ಲಿ ನನ್ನ ಎರಡು ಬೆರಳು, ನನ್ನ ಮಣಿಕಟ್ಟು, ಅಷ್ಟೇ. ಊಟಕ್ಕೆ ಕೂತರೆ ನಾಡಿ, ಪೇಪರ್ ಓದುವಾಗ ನಾಡಿ. ಮೆಟ್ಟಿಲು ಹತ್ತಲು ಭಯ, ಬಚ್ಚಲಿನ ಬಾಗಿಲು ಚಿಲಕ ಹಾಕಲು ಭಯ. ಪಕ್ಕದ ತೋಟದಲ್ಲಿ ಇಂಜಿನ್ ಸ್ಟಾರ್ಟ್ ಆದರೆ ಬೆನ್ನು ತಣ್ಣಗಾಗುತ್ತಿತ್ತು. ಆ ಹತ್ತು ದಿನ, ಕಳಿಸಿದ ಪರೀಕ್ಷೆಯ ಫಲಿತಾಂಶ ಬರುವವರೆಗೆ, ಫೋನ್ ರಿಂಗಾದರೆ ನಾನು ಎತ್ತುತ್ತಿರಲಿಲ್ಲ. ಕೊನೆಗೆ ಉಮೇಶನೇ ಹೋಗಿ ಕೇಳಿಕೊಂಡು ಬಂದು, ಅಂಗಳದಿಂದಲೇ "ಭಾವ, ಬೇರೆ ಏನೂ ಇಲ್ವಂತೆ!" ಎಂದು ಕೂಗಿದ. ನಾನು ಜಗಲಿಯಲ್ಲಿ ಕೂತು ಅತ್ತೆ. ನಾಚಿಕೆ ಆಗಲಿಲ್ಲ.

ಲೋಕಪ್ಪ ಒಂದು ದಿನ ಬಂದು ಒಳಗೆ ಬಾರದೆ ಅಂಗಳದಲ್ಲೇ ನಿಂತ. "ನನ್ನ ಕೈಯಲ್ಲೇ ಆಗೋಯ್ತಲ್ಲ ಗೌಡ್ರೇ, ಒಂದ್ ಫೋನ್ ಮಾಡಿ ಡಾಕ್ಟ್ರನ್ನ ಕೇಳ್ಬೇಕಿತ್ತು ನಾನು" ಎಂದ. ನಲವತ್ತು ವರ್ಷ ಊರಿಗೆಲ್ಲ ಸೂಜಿ ಹಾಕಿದ ಆ ಮನುಷ್ಯ ಮುಖ ಎತ್ತದೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ನಾನು ಹೇಳಿದ ಒಂದು ಸುಳ್ಳು ಅವನನ್ನೂ ಹೀಗೆ ಮಾಡಿತು. ಒಳಗೆ ಕರೆದು ಕೂರಿಸಿ, ಸುಳ್ಳು ಹೇಳಿದವನು ನಾನು, ನೀನಲ್ಲ ಎಂದು ಶಾರದಳ ಎದುರೇ ಹೇಳಿದೆ. ಅವಳು ಅವನಿಗೆ ಕಾಫಿ ಕೊಟ್ಟಳು. ಅವನು ಈಗ ಯಾರಿಗೂ ಇಂಜೆಕ್ಷನ್ ಹಾಕುವುದಿಲ್ಲ.

ಬಸ್ ಸ್ಟಾಪಿನಲ್ಲಿ ಸಿಕ್ಕಿದವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಳ್ಳೆಯದೋ ಕೆಟ್ಟದ್ದೋ ಹೇಳಲು ನಾನು ಡಾಕ್ಟರಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಹಳೆಯ ಸುಸ್ತು ಎರಡರಷ್ಟಾಗಿ ಬಂತು, ತಿಂಗಳುಗಟ್ಟಲೆ ಮುಲುಗಿದ್ದೇನೆ. ನಿಜವಾಗಿ ಬೇಕಾದವರಿಗೆ ಅದು ಬೇಕು, ಹೃದಯದ ಡಾಕ್ಟರು ಒಪ್ಪಿದರೆ ಕಡಿಮೆ ಪ್ರಮಾಣದಲ್ಲಿ ಮತ್ತೆ ನೋಡಬಹುದು ಎಂದು ಚಿಕ್ಕಮಗಳೂರಿನ ಆ ಮೊದಲ ಡಾಕ್ಟರು ಹೇಳಿದ್ದಾರೆ. ನಾನು ಇನ್ನೂ ಹೂಂ ಎಂದಿಲ್ಲ. ಧೈರ್ಯ ಬಂದಿಲ್ಲ. ನಿಮಗೆ ಹೇಳುವುದು ಇಷ್ಟೇ. ಜೇಬಿನ ಆ ಚೀಟಿಯನ್ನು ಮೊದಲು ಮನೆಯಲ್ಲಿ ತೋರಿಸಿ. ಬರೆದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಕೊಯ್ಲು ಇರಲಿ, ಹೂವಿರಲಿ. ತೋಟದ ಬುದ್ಧಿಯನ್ನು ತೋಟದಲ್ಲೇ ಬಿಡಿ.

ಈಗ ನಾನು ಎರಡು ತಿಂಗಳಿಗೊಮ್ಮೆ ಹೃದಯದ ಡಾಕ್ಟರ ಹತ್ತಿರ ಹೋಗುತ್ತೇನೆ. ಪ್ರತಿ ಸಲವೂ ಅವರದು ಮೊದಲು ಅದೇ ಪ್ರಶ್ನೆ. ನಾವು ಕೊಟ್ಟಿದ್ದು ಬಿಟ್ಟು ಬೇರೆ ಏನಾದರೂ ತಗೋತಿದ್ದೀರಾ? ಆಸ್ಪತ್ರೆಯಿಂದ ಬಂದ ಮೇಲೆ ಶಾರದ ಆ ಪ್ರಶ್ನೆಗೆ ಬಾಯಿ ತೆರೆಯುತ್ತಿರಲಿಲ್ಲ. ಮೊದಲೆಲ್ಲ ನನ್ನ ಹೊಟ್ಟೆನೋವಿಗೂ ಡಾಕ್ಟರಿಗೆ ಉತ್ತರ ಕೊಡುತ್ತಿದ್ದವಳು ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದಳು. ನಾನು ಒಂದೊಂದಾಗಿ ಹೇಳುತ್ತಿದ್ದೆ. ಗ್ಯಾಸಿಗೆ ನುಂಗಿದ ಮಾತ್ರೆ, ಕೆಮ್ಮಿಗೆ ಚೀಪಿದ ಗುಳಿಗೆ, ಎಲ್ಲ. ಹೇಳಿ ಅವಳ ಕಡೆ ನೋಡಿದರೆ ಅವಳು ತಲೆಯನ್ನೂ ಆಡಿಸುತ್ತಿರಲಿಲ್ಲ. ಮೂರು ಸಲ ಹೀಗೇ ಆಯಿತು. ಪ್ರತಿ ಸಲ ರಿಪೋರ್ಟ್ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ನನಗೆ ಗೆಲುವಾಗುತ್ತಿರಲಿಲ್ಲ.

ಮೊನ್ನೆ ನಾಲ್ಕನೆಯ ಸಲ. ಡಾಕ್ಟರು ಅದನ್ನೇ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಿಂದ ಶಾರದಳ ಮಾತು ಬಂತು.

"ಇಲ್ಲ ಡಾಕ್ಟ್ರೇ, ನೀವು ಬರ್ದಿದ್ದು ಬಿಟ್ರೆ ಇವ್ರು ಏನೂ ತಗೊಳಲ್ಲ."

ನನ್ನ ಎದೆ ಡವಗುಟ್ಟಿತು. ಅಷ್ಟು ಹೆದರಿಕೆ ಪೈಪು ಹೊತ್ತ ದಿನವೂ ಆಗಿರಲಿಲ್ಲ. ಎರಡು ತಿಂಗಳಲ್ಲಿ ಬಾಯಿಗೆ ಹಾಕಿದ್ದು, ಮೈಗೆ ಹಚ್ಚಿದ್ದು, ಎಲ್ಲವನ್ನೂ ಆ ಕುರ್ಚಿಯಲ್ಲೇ ಕೂತು ಒಂದು ಸಲ ಮೊದಲಿಂದ ನೆನಪು ಮಾಡಿಕೊಂಡೆ. ಇಲ್ಲ, ಈ ಸಲ ಡಾಕ್ಟರು ಬರೆದದ್ದು ಬಿಟ್ಟು ಬೇರೆ ಏನೂ ಇರಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.